ಲಾರಿಗಳ ಹಿಂಬದಿ ಡಿಫರೆನ್ಷಿಯಲ್‌ನ ಒಳಗಿನ ಯಾಂತ್ರಿಕ ದೋಷಗಳು: ಅರ್ಹತಾ ಪತ್ರದ ಅರ್ಜಿದಾರರ ಮಾಹಿತಿಗಾಗಿ

ಮೋಟಾರು ವಾಹನಗಳ ಅಧಿನಿಯಮ, 1988ರ 56ನೇ ಕಲಮಿನ ಮೇರೆಗೆ ಪ್ರತಿಯೊಂದು ಸಾರಿಗೆ ವಾಹನವೂ ಚಾಲ್ತಿಯಲ್ಲಿರುವ ಅರ್ಹತಾ ಪತ್ರವನ್ನು ಹೊಂದಿರತಕ್ಕದ್ದು. ಜನಬಳಕೆಯಲ್ಲಿ ಎಫ್.ಸಿ. ಎಂದೇ ಕರೆಯಲ್ಪಡುವ ಈ ಪತ್ರವಿಲ್ಲದ ವಾಹನವನ್ನು ಸಿಂಧುವಾಗಿ ನೋಂದಣಿಯಾದ ವಾಹನವೆಂದು ಪರಿಗಣಿಸಲಾಗುವುದಿಲ್ಲ. ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ 62ನೇ ನಿಯಮದಂತೆ ಹೊಸ ಸಾರಿಗೆ ವಾಹನಕ್ಕೆ ಎರಡು ವರ್ಷಗಳ ಅವಧಿಗೆ ಅರ್ಹತಾ ಪತ್ರ ದೊರೆಯುತ್ತದೆ. 2018ರಲ್ಲಿ ಆದ ತಿದ್ದುಪಡಿಯ ನಂತರ, ಎಂಟು ವರ್ಷ ತುಂಬುವವರೆಗಿನ ವಾಹನಗಳಿಗೆ ಎರಡು ವರ್ಷಗಳಿಗೊಮ್ಮೆ, ಅದಕ್ಕಿಂತ ಹಳೆಯ ವಾಹನಗಳಿಗೆ ವರ್ಷಕ್ಕೊಮ್ಮೆ ನವೀಕರಣ ಮಾಡಲಾಗುತ್ತದೆ.

ನವೀಕರಣದ ಪರೀಕ್ಷೆಯಲ್ಲಿ ಬ್ರೇಕು, ಸ್ಟೀರಿಂಗ್, ದೀಪಗಳು, ಹಾರನ್, ವೈಪರ್, ಸೈಲೆನ್ಸರ್, ವೇಗಮಾಪಕ, ಹೊಗೆಯ ಪ್ರಮಾಣ ಮುಂತಾದವುಗಳನ್ನು ಪರಿಶೀಲಿಸಲಾಗುತ್ತದೆ. ಆದರೆ ಹಿಂಬದಿ ಆಕ್ಸಲ್‌ನ ಹೌಸಿಂಗನ್ನು ಬಿಚ್ಚಿ ಒಳಗಿನ ಗೇರುಗಳನ್ನು ನೋಡುವ ವ್ಯವಸ್ಥೆ ಈ ಪರೀಕ್ಷೆಯಲ್ಲಿ ಇಲ್ಲ. ಸಾಲುಗಟ್ಟಿ ನಿಂತ ವಾಹನಗಳ ನಡುವೆ ಅದು ಸಾಧ್ಯವೂ ಅಲ್ಲ. ಆದ್ದರಿಂದ ಅರ್ಹತಾ ಪತ್ರ ದೊರೆತ ಮಾತ್ರಕ್ಕೆ ಡಿಫರೆನ್ಷಿಯಲ್ ಸುಸ್ಥಿತಿಯಲ್ಲಿದೆಯೆಂದು ಮಾಲೀಕರು ಭಾವಿಸಕೂಡದು. ಆ ಭಾಗದ ಹೊಣೆ ಮಾಲೀಕರದೂ ಚಾಲಕರದೂ ಆಗಿರುತ್ತದೆ. ಡಿಫರೆನ್ಷಿಯಲ್ ಮುನ್ಸೂಚನೆ ಕೊಡದೆ ಕೆಡುವುದು ವಿರಳ. ಆ ಸೂಚನೆಗಳನ್ನು ಗುರುತಿಸಲು ನೆರವಾಗುವ ಮಾಹಿತಿಯನ್ನು ಈ ಪುಟದಲ್ಲಿ ನೀಡಲಾಗಿದೆ.

ಡಿಫರೆನ್ಷಿಯಲ್‌ನ ರಚನೆ ಮತ್ತು ಕಾರ್ಯ

ಎಂಜಿನ್ನಿನ ಬಲವು ಗೇರ್ ಬಾಕ್ಸ್ ಮತ್ತು ಪ್ರೊಪೆಲ್ಲರ್ ಶಾಫ್ಟ್ ಮೂಲಕ ಹಿಂಬದಿ ಆಕ್ಸಲ್‌ನ ನಡುವಿನ ದುಂಡನೆಯ ಹೌಸಿಂಗಿಗೆ ಬರುತ್ತದೆ. ಅಲ್ಲಿ ಚಿಕ್ಕದಾದ ಪಿನಿಯನ್ ಗೇರು ದೊಡ್ಡದಾದ ಕ್ರೌನ್ ವೀಲನ್ನು ತಿರುಗಿಸುತ್ತದೆ. ಪಿನಿಯನ್‌ಗೆ 6 ಹಲ್ಲು, ಕ್ರೌನ್ ವೀಲಿಗೆ 41 ಹಲ್ಲು ಇರುವ ಜೋಡಿಯಲ್ಲಿ ವೇಗವು 6.83ರಲ್ಲಿ ಒಂದು ಪಾಲಿಗೆ ಇಳಿದು, ತಿರುಗಿಸುವ ಬಲವು ಅಷ್ಟೇ ಪಟ್ಟು ಏರುತ್ತದೆ. ಕ್ರೌನ್ ವೀಲನ್ನು ಬೋಲ್ಟುಗಳಿಂದ ಬಿಗಿದಿರುವ ಕೇಜಿನೊಳಗೆ ಒಂದು ಅಡ್ಡಕಟ್ಟಿನ ಮೇಲೆ ಸಾಮಾನ್ಯವಾಗಿ ನಾಲ್ಕು ಸ್ಟಾರ್ ಗೇರುಗಳೂ, ಅವುಗಳ ಎಡಬಲಕ್ಕೆ ಎರಡು ಸೈಡ್ ಗೇರುಗಳೂ ಇರುತ್ತವೆ. ಸೈಡ್ ಗೇರುಗಳಿಂದ ಹೊರಟ ಎರಡು ಆಕ್ಸಲ್ ಶಾಫ್ಟುಗಳು ಬಲವನ್ನು ಚಕ್ರಗಳಿಗೆ ತಲುಪಿಸುತ್ತವೆ. ತಿರುವಿನಲ್ಲಿ ಹೊರಗಿನ ಚಕ್ರವು ಒಳಗಿನ ಚಕ್ರಕ್ಕಿಂತ ಹೆಚ್ಚು ದೂರ ಉರುಳಬೇಕಾಗಿರುವುದರಿಂದ, ಎರಡಕ್ಕೂ ಬೇರೆ ಬೇರೆ ವೇಗ ಸಿಗುವಂತೆ ಮಾಡುವುದೇ ಸ್ಟಾರ್ ಗೇರುಗಳ ಕೆಲಸ. ನೇರ ರಸ್ತೆಯಲ್ಲಿ ಅವು ತಮ್ಮ ಅಕ್ಷದ ಮೇಲೆ ತಿರುಗುವುದೇ ಇಲ್ಲ. ಕೇಜಿನೊಂದಿಗೆ ಒಟ್ಟಾಗಿ ಸುತ್ತುತ್ತವೆ.

ಈ ಭಾಗಗಳ ಮೇಲೆ ಬೀಳುವ ಹೊರೆಯನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಎಂಜಿನ್ 400 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತಿದ್ದು, ಮೊದಲ ಗೇರು ಅದನ್ನು 8 ಪಟ್ಟು ಹೆಚ್ಚಿಸಿದರೆ ಪಿನಿಯನ್‌ಗೆ 3,200 ನ್ಯೂಟನ್ ಮೀಟರ್ ತಲುಪುತ್ತದೆ. ಕ್ರೌನ್ ವೀಲಿನಲ್ಲಿ ಅದು 21,800ನ್ನು ದಾಟುತ್ತದೆ. ಇಷ್ಟು ಬಲವನ್ನು ಯಾವುದೇ ಕ್ಷಣದಲ್ಲಿ ಒಂದೆರಡು ಹಲ್ಲುಗಳು ಮಾತ್ರ ಹೊತ್ತಿರುತ್ತವೆ. ಇನ್ನು ವೇಗದ ವಿಷಯ: 10.00-20 ಅಳತೆಯ ಟಯರಿರುವ ಲಾರಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡುವಾಗ ಚಕ್ರವು ನಿಮಿಷಕ್ಕೆ ಸುಮಾರು 310 ಸುತ್ತು ತಿರುಗಿದರೆ, ಪಿನಿಯನ್ 2,100ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಹೌಸಿಂಗಿನೊಳಗೆ ಅತಿ ವೇಗವಾಗಿ ತಿರುಗುವ ಬೇರಿಂಗುಗಳು ಪಿನಿಯನ್‌ನವು. ಆಯಿಲ್ ಕಡಿಮೆಯಾದಾಗ ಮೊದಲು ಬಿಸಿಯಾಗಿ ಹಾಳಾಗುವವುಗಳೂ ಸಾಮಾನ್ಯವಾಗಿ ಅವೇ.

ಘಾಟಿ ರಸ್ತೆಯಲ್ಲಿ ಡಿಫರೆನ್ಷಿಯಲ್‌ನ ಮಹತ್ವ

ಡಿಫರೆನ್ಷಿಯಲ್ ಕೆಟ್ಟರೆ ಗಾಡಿ ರಸ್ತೆಯಲ್ಲಿ ನಿಂತುಬಿಡುತ್ತದೆ, ಒಂದೆರಡು ದಿನದ ಬಾಡಿಗೆ ನಷ್ಟವಾಗುತ್ತದೆ, ಅಷ್ಟೇ ಎಂಬ ಅಭಿಪ್ರಾಯ ಹಲವರಲ್ಲಿದೆ. ಇದು ಸರಿಯಲ್ಲ. ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75ರ ಶಿರಾಡಿ ಘಾಟಿಯಂತಹ ಉದ್ದನೆಯ ಇಳಿಜಾರಿನಲ್ಲಿ ಭಾರ ತುಂಬಿದ ಲಾರಿಯನ್ನು ಹಿಡಿದಿಡುವುದು ಕಾಲಿನ ಬ್ರೇಕೊಂದೇ ಅಲ್ಲ. ಕೆಳಗಿನ ಗೇರಿನಲ್ಲಿ ಇಳಿಸುವಾಗ ಎಂಜಿನ್ನಿನ ಪ್ರತಿರೋಧ ಹಾಗೂ ಎಕ್ಸಾಸ್ಟ್ ಬ್ರೇಕ್ ವಾಹನದ ಓಟವನ್ನು ತಡೆಯುತ್ತವೆ. ಆ ತಡೆಯು ಚಕ್ರಗಳಿಗೆ ತಲುಪುವ ದಾರಿ ಒಂದೇ: ಪ್ರೊಪೆಲ್ಲರ್ ಶಾಫ್ಟ್, ಪಿನಿಯನ್, ಕ್ರೌನ್ ವೀಲ್, ಸ್ಟಾರ್ ಗೇರು, ಆಕ್ಸಲ್ ಶಾಫ್ಟ್. ಇವುಗಳಲ್ಲಿ ಯಾವುದೊಂದು ತುಂಡಾದರೂ ಎಂಜಿನ್ ಬ್ರೇಕ್ ಆ ಕ್ಷಣದಲ್ಲೇ ಇಲ್ಲವಾಗುತ್ತದೆ. ಇಡೀ ಭಾರವನ್ನು ಈಗಾಗಲೇ ಬಿಸಿಯಾಗಿರುವ ಬ್ರೇಕ್ ಲೈನರುಗಳೇ ಹೊರಬೇಕಾಗುತ್ತದೆ.

ಒಂದು ಬದಿಯ ಆಕ್ಸಲ್ ಶಾಫ್ಟ್ ತುಂಡಾದರೆ ಇನ್ನೊಂದು ಬದಿಯಾದರೂ ಹಿಡಿದೀತು ಎಂಬುದೂ ತಪ್ಪು ತಿಳಿವಳಿಕೆ. ಡಿಫರೆನ್ಷಿಯಲ್ ಎರಡೂ ಬದಿಗೆ ಸಮನಾದ ಬಲವನ್ನಷ್ಟೇ ಹಂಚಬಲ್ಲದು. ಒಂದು ಬದಿ ಹಿಡಿತವಿಲ್ಲದೆ ತಿರುಗತೊಡಗಿದರೆ ಇನ್ನೊಂದಕ್ಕೂ ಬಲ ಸಿಗುವುದಿಲ್ಲ. ಏರಿನಲ್ಲಿ ಹೀಗಾದಾಗ ವಾಹನವು ಗೇರಿನಲ್ಲಿದ್ದರೂ ಹಿಂದಕ್ಕೆ ಜಾರುತ್ತದೆ. ಚಕ್ರಗಳ ಮೇಲೆಯೇ ಸ್ಪ್ರಿಂಗ್ ಬ್ರೇಕ್ ಇರುವ ಭಾರಿ ವಾಹನಗಳಲ್ಲಿ ನಿಲುಗಡೆ ಬ್ರೇಕು ಕೆಲಸ ಮಾಡುತ್ತದೆ. ಆದರೆ ಗೇರ್ ಬಾಕ್ಸಿನ ಹಿಂದೆ, ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಕೈಬ್ರೇಕು ಇರುವ ಹಳೆಯ ಹಾಗೂ ಚಿಕ್ಕ ವಾಹನಗಳಲ್ಲಿ, ಆಕ್ಸಲ್ ಶಾಫ್ಟ್ ತುಂಡಾದ ಮೇಲೆ ಆ ಕೈಬ್ರೇಕನ್ನು ಎಷ್ಟು ಬಿಗಿಯಾಗಿ ಎಳೆದರೂ ಪ್ರಯೋಜನವಿಲ್ಲ. ಅಂತಹ ವಾಹನಗಳ ಚಾಲಕರು ಈ ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಆಯಿಲ್ ಇಲ್ಲದೆ ಪಿನಿಯನ್ ಬೇರಿಂಗು ಕಚ್ಚಿಕೊಂಡರೆ, ಇಲ್ಲವೆ ಮುರಿದ ಹಲ್ಲಿನ ಚೂರು ಎರಡು ಗೇರುಗಳ ನಡುವೆ ಸಿಕ್ಕಿಕೊಂಡರೆ, ಓಡುತ್ತಿರುವಾಗಲೇ ಹಿಂದಿನ ಚಕ್ರಗಳು ಹಿಡಿದು ನಿಂತು ವಾಹನ ಅಡ್ಡ ತಿರುಗಬಹುದು.

ಆಯಿಲ್ ಕೊರತೆಯಿಂದ ಆಗುವ ಹಾನಿ

ಡಿಫರೆನ್ಷಿಯಲ್‌ನಲ್ಲಿ ಆಯಿಲನ್ನು ಎತ್ತಿಕೊಡುವ ಪಂಪು ಸಾಮಾನ್ಯವಾಗಿ ಇರುವುದಿಲ್ಲ. ಕ್ರೌನ್ ವೀಲಿನ ಕೆಳಭಾಗ ಆಯಿಲಿನಲ್ಲಿ ಮುಳುಗಿದ್ದು, ತಿರುಗುವಾಗ ಅದನ್ನು ಮೇಲಕ್ಕೆ ಎರಚುತ್ತದೆ. ಪಿನಿಯನ್ ಬೇರಿಂಗುಗಳಿಗೂ ಕೇಜಿನ ಒಳಭಾಗಕ್ಕೂ ಆಯಿಲ್ ಹೋಗುವುದು ಹೀಗೆಯೇ. ಮಟ್ಟ ಸ್ವಲ್ಪ ಇಳಿದರೂ ಎತ್ತರದ ಭಾಗಗಳು ಒಣಗುತ್ತವೆ. ಆಗ ಲೋಹಕ್ಕೆ ಲೋಹ ನೇರವಾಗಿ ಉಜ್ಜಿ, ಹಲ್ಲಿನ ಮೈಮೇಲೆ ಎಳೆದ ಗೀರುಗಳು ಮೂಡುತ್ತವೆ. ಬಿಸಿಯಿಂದ ಹಲ್ಲುಗಳು ನೀಲಿಗಟ್ಟುತ್ತವೆ. ನೀಲಿಗಟ್ಟಿದ ಹಲ್ಲು ತನ್ನ ಗಡಸುತನ ಕಳೆದುಕೊಂಡಿದೆ ಎಂದೇ ಅರ್ಥ. ಅದಕ್ಕೆ ಹೊಸ ಆಯಿಲ್ ತುಂಬಿಸಿದರೆ ಗುಣವಾಗುವುದಿಲ್ಲ.

ಆಯಿಲಿನ ಪ್ರಮಾಣದಷ್ಟೇ ಅದರ ಜಾತಿಯೂ ಮುಖ್ಯ. ಪಿನಿಯನ್ ಕ್ರೌನ್ ವೀಲಿನ ಮಧ್ಯರೇಖೆಗಿಂತ ಕೆಳಗೆ ಕೂತಿರುವ ಹೈಪಾಯ್ಡ್ ಮಾದರಿಯಲ್ಲಿ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಉದ್ದಕ್ಕೂ ಜಾರುತ್ತವೆ. ಆ ಒತ್ತಡದಲ್ಲಿ ಸಾಧಾರಣ ಆಯಿಲಿನ ಪದರ ಹರಿದುಹೋಗುತ್ತದೆ. ಅದಕ್ಕಾಗಿ ಅತಿ ಒತ್ತಡ ತಡೆಯುವ ರಾಸಾಯನಿಕ ಬೆರೆಸಿದ, ಜಿ.ಎಲ್.-5 ದರ್ಜೆಯ ಗೇರ್ ಆಯಿಲನ್ನು ತಯಾರಕರು ಸೂಚಿಸುತ್ತಾರೆ. ಅಂಗಡಿಯಲ್ಲಿ "90 ನಂಬರ್ ಆಯಿಲ್" ಎಂದು ಕೇಳಿ ತರುವುದಷ್ಟೇ ಸಾಲದು. 90 ಎಂಬುದು ಆಯಿಲಿನ ಮಂದತೆಯ ಅಂಕಿ. ಒತ್ತಡ ತಡೆಯುವ ಶಕ್ತಿಯನ್ನು ಅದು ಹೇಳುವುದಿಲ್ಲ. ಡಬ್ಬದ ಮೇಲಿನ ದರ್ಜೆಯನ್ನು ವಾಹನದ ಕೈಪಿಡಿಯೊಂದಿಗೆ ತಾಳೆ ನೋಡತಕ್ಕದ್ದು.

ಮಟ್ಟ ನೋಡುವ ಕ್ರಮ ಸರಳವಾದದ್ದು. ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಆಯಿಲ್ ತಣಿದು ಕೆಳಗಿಳಿದ ಮೇಲೆ ಹೌಸಿಂಗಿನ ಪಕ್ಕದ ಫಿಲ್ಲರ್ ಪ್ಲಗ್ಗನ್ನು ಬಿಚ್ಚಬೇಕು. ತಯಾರಕರು ಬೇರೆ ರೀತಿ ಸೂಚಿಸದಿದ್ದಲ್ಲಿ ಆಯಿಲ್ ತೂತಿನ ಕೆಳ ಅಂಚಿಗೆ ಸರಿಯಾಗಿ ಇರಬೇಕು. ಬೆರಳು ಬಾಗಿಸಿ ಮುಟ್ಟಿದರೆ ಸಿಗುವಷ್ಟು ಇದ್ದರೆ ಸಾಕು ಎಂಬ ಗ್ಯಾರೇಜಿನ ಮಾತು ಸರಿಯಲ್ಲ, ಏಕೆಂದರೆ ಬೆರಳಿನ ಉದ್ದದಷ್ಟು ಕಡಿಮೆ ಇರುವುದೂ ಕೊರತೆಯೇ. ಆಯಿಲ್ ಬದಲಿಸುವಾಗ ಕೆಳಗಿನ ಡ್ರೈನ್ ಪ್ಲಗ್ಗಿನ ಅಯಸ್ಕಾಂತವನ್ನು ತಪ್ಪದೆ ನೋಡಬೇಕು. ಬೂದು ಬಣ್ಣದ ನುಣುಪಾದ ಲೇಪ ಅಂಟಿದ್ದರೆ ಅದು ಸಹಜ ಸವೆತ. ಉಗುರಿಗೆ ಸಿಗುವಂತಹ ಚೂರು, ಸೂಜಿಯಂತಹ ಎಳೆ, ಹಪ್ಪಳದಂತೆ ಎದ್ದ ತೆಳುವಾದ ಲೋಹದ ಪದರ ಕಂಡುಬಂದರೆ ಒಳಗೆ ಹಲ್ಲು ಅಥವಾ ಬೇರಿಂಗು ಒಡೆಯತೊಡಗಿದೆ ಎಂದು ತಿಳಿಯಬೇಕು. ಪ್ಲಗ್ಗನ್ನು ಒರೆಸಿ ಮತ್ತೆ ಹಾಕಿ ಗಾಡಿಯನ್ನು ಬಾಡಿಗೆಗೆ ಕಳುಹಿಸುವುದು ಆ ಹಂತದಲ್ಲಿ ಮಾಡಬಾರದ ಕೆಲಸ.

ಆಯಿಲ್ ಹಾಲಿನಂತೆ ಬಿಳಿಚಿಕೊಂಡಿದ್ದರೆ ನೀರು ಸೇರಿದೆ ಎಂದರ್ಥ. ಹೌಸಿಂಗಿನ ಮೇಲೆ ಗಾಳಿಯಾಡಲು ಬ್ರೀದರ್ ಎಂಬ ಚಿಕ್ಕ ಕೊಳವೆ ಇರುತ್ತದೆ. ಅದು ಕೆಸರಿನಿಂದ ಕಟ್ಟಿಕೊಂಡರೆ, ಬಿಸಿಯಾದ ಹೌಸಿಂಗು ಹಳ್ಳದ ನೀರಿಗಿಳಿದು ತಣಿಯುವಾಗ ಒಳಗಿನ ಗಾಳಿ ಕುಗ್ಗಿ, ಸೀಲುಗಳ ಸಂದಿಯಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮರಳು ಹೊಳೆ, ಮಳೆಗಾಲದ ಹಳ್ಳ ದಾಟುವ ಟಿಪ್ಪರುಗಳಲ್ಲಿ ಇದರ ಸಂಭವ ಹೆಚ್ಚು. ಅದೇ ಬ್ರೀದರ್ ಕಟ್ಟಿಕೊಂಡಿದ್ದು ಹೌಸಿಂಗು ಬಿಸಿಯಾದಾಗ ಒಳಗಿನ ಒತ್ತಡ ಏರಿ ಆಯಿಲ್ ಸೀಲುಗಳ ಮೂಲಕ ಹೊರಬರುತ್ತದೆ. ಸೀಲನ್ನು ಎಷ್ಟು ಬಾರಿ ಬದಲಾಯಿಸಿದರೂ ಸೋರಿಕೆ ನಿಲ್ಲದಿರುವ ವಾಹನದಲ್ಲಿ ಮೊದಲು ನೋಡಬೇಕಾದದ್ದು ಬ್ರೀದರನ್ನು.

ಮಿತಿಮೀರಿದ ಹೊರೆ ಮತ್ತು ಲೋಹದ ದಣಿವು

ಹಲ್ಲು ಒಂದೇ ಏಟಿಗೆ ಮುರಿಯುವುದಕ್ಕಿಂತ, ಲಕ್ಷಾಂತರ ಬಾರಿ ಬಾಗಿ ಬಾಗಿ ದಣಿದು ಮುರಿಯುವುದೂ ಸಾಮಾನ್ಯ. ಮೊದಲು ಹಲ್ಲಿನ ಬುಡದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಹುಟ್ಟುತ್ತದೆ. ಪ್ರತಿ ಏರಿನಲ್ಲಿಯೂ ಅದು ಕೂದಲೆಳೆಯಷ್ಟು ಮುಂದುವರಿದು, ಉಳಿದ ಲೋಹಕ್ಕೆ ಹೊರೆ ತಡೆಯಲಾಗದ ದಿನ ಹಲ್ಲು ಕಳಚಿಕೊಳ್ಳುತ್ತದೆ. ಅಂದು ವಾಹನ ಖಾಲಿಯಾಗಿಯೇ ಓಡುತ್ತಿರಬಹುದು. ಹೀಗೆ ಮುರಿದ ಹಲ್ಲಿನ ಅಡ್ಡಮುಖವನ್ನು ನೋಡಿದರೆ ಕೆರೆಯ ನೀರು ಇಳಿಯುತ್ತಾ ದಂಡೆಯಲ್ಲಿ ಬಿಟ್ಟ ಗೆರೆಗಳಂತೆ ಬಾಗಿದ ನುಣುಪು ಗೆರೆಗಳು ಕಾಣುತ್ತವೆ; ಕೊನೆಗೆ ಮುರಿದ ಭಾಗ ಮಾತ್ರ ಒರಟಾಗಿರುತ್ತದೆ. ಒಂದೇ ಏಟಿಗೆ ಮುರಿದ ಹಲ್ಲಿನ ಮುಖ ಪೂರ್ತಿ ಒರಟಾಗಿದ್ದು ಕಾಳುಕಾಳಾಗಿ ಹೊಳೆಯುತ್ತದೆ. ಬಿಡಿಭಾಗ ಕಳಪೆಯೋ, ಚಾಲಕನ ತಪ್ಪೋ, ಹೊರೆಯ ಫಲವೋ ಎಂಬ ತಕರಾರು ಮಾಲೀಕ, ಚಾಲಕ ಮತ್ತು ಮಾರಾಟಗಾರರ ನಡುವೆ ಬಂದಾಗ ಈ ಗುರುತು ಉಪಯೋಗಕ್ಕೆ ಬರುತ್ತದೆ. ಆದಕಾರಣ ಮುರಿದ ಭಾಗಗಳನ್ನು ಕೂಡಲೇ ಗುಜರಿಗೆ ಹಾಕದೆ, ಆಯಿಲ್ ಸವರಿ ತೆಗೆದಿರಿಸುವುದು ಒಳ್ಳೆಯದು.

ಬೇರಿಂಗುಗಳ ಮಟ್ಟಿಗೆ ಹೊರೆಯ ಲೆಕ್ಕ ಇನ್ನೂ ಕಠಿಣವಾದದ್ದು. ರೋಲರ್ ಬೇರಿಂಗಿನ ಮೇಲಿನ ಹೊರೆ ಎರಡು ಪಟ್ಟಾದರೆ ಅದರ ಲೆಕ್ಕದ ಆಯುಷ್ಯ ಅರ್ಧವಾಗುವುದಿಲ್ಲ, ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಹೊರೆ ಕಾಲು ಭಾಗ ಹೆಚ್ಚಾದರೆ ಸಾಕು, ಆಯುಷ್ಯ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಒಂದು ಟ್ರಿಪ್ಪಿನಲ್ಲಿ ಎರಡು ಮೂರು ಟನ್ ಹೆಚ್ಚು ಹೇರಿ ಗಳಿಸಿದ ಹಣ ಎಲ್ಲಿ ಹೋಗುತ್ತದೆಂಬುದು ಇದರಿಂದ ತಿಳಿಯುತ್ತದೆ. ಬಳ್ಳಾರಿ ಭಾಗದ ಅದಿರು ಸಾಗಣೆಯಲ್ಲಿ ನಡೆದ ಮಿತಿಮೀರಿದ ಹೇರಿಕೆಯ ವಿಷಯ ಕರ್ನಾಟಕ ಲೋಕಾಯುಕ್ತದ 2011ರ ವರದಿಯಲ್ಲಿ ದಾಖಲಾಗಿದೆ.

ಕೇಂದ್ರ ಸರ್ಕಾರದ 2018ರ ಜುಲೈ ತಿಂಗಳ ಅಧಿಸೂಚನೆಯಲ್ಲಿ ನಾಲ್ಕು ಟಯರುಗಳ ಒಂಟಿ ಆಕ್ಸಲ್ಲಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೂ, ಎರಡು ಆಕ್ಸಲ್ಲಿನ ಲಾರಿಯ ಒಟ್ಟು ತೂಕದ ಮಿತಿಯನ್ನು 16.2 ಟನ್ನಿನಿಂದ 18.5 ಟನ್ನಿಗೂ ಏರಿಸಲಾಯಿತು. ಮಿತಿ ಏರಿದ ಮಾತ್ರಕ್ಕೆ ಹಳೆಯ ವಾಹನದ ಆಕ್ಸಲ್ ಗಟ್ಟಿಯಾಗುವುದಿಲ್ಲ. ಯಾವುದೇ ವಾಹನಕ್ಕೆ ಅದರ ನೋಂದಣಿ ಪತ್ರದಲ್ಲಿ ನಮೂದಾಗಿರುವ ಒಟ್ಟು ತೂಕವೇ ಮಿತಿ. ಇದನ್ನು ಮೀರುವುದು ಅಧಿನಿಯಮದ 113ನೇ ಕಲಮಿನ ಉಲ್ಲಂಘನೆ. 2019ರ ತಿದ್ದುಪಡಿಯ ನಂತರ 194ನೇ ಕಲಮಿನಲ್ಲಿ ಇದಕ್ಕೆ 20,000 ರೂಪಾಯಿ ಹಾಗೂ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವನ್ನೂ, ಹೆಚ್ಚುವರಿ ಸರಕನ್ನು ಇಳಿಸುವ ವೆಚ್ಚವನ್ನೂ ವಿಧಿಸಲಾಗಿದೆ.

ಚಾಲನೆಯಿಂದ ಆಗುವ ಹಾನಿ

ಕೆಸರಿನಲ್ಲಿ ಒಂದು ಚಕ್ರ ಹೂತಾಗ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಗಾಡಿ ಎತ್ತಲು ಯತ್ನಿಸುವುದು ನಿತ್ಯ ಕಾಣುವ ದೃಶ್ಯ. ಆಗ ನಿಂತ ಚಕ್ರದ ಪಾಲಿನ ಸುತ್ತನ್ನೂ ಸೇರಿಸಿಕೊಂಡು, ಜಾರುವ ಚಕ್ರವು ಕ್ರೌನ್ ವೀಲಿನ ಎರಡು ಪಟ್ಟು ವೇಗದಲ್ಲಿ ತಿರುಗುತ್ತದೆ. ಸಾಮಾನ್ಯವಾಗಿ ತಿರುವುಗಳಲ್ಲಿ ಮಾತ್ರ ನಿಧಾನವಾಗಿ ಹೊರಳುವ ಸ್ಟಾರ್ ಗೇರುಗಳು ತಮ್ಮ ಅಡ್ಡಕಟ್ಟಿನ ಮೇಲೆ ಅತಿ ವೇಗದಿಂದ ಸುತ್ತತೊಡಗುತ್ತವೆ. ಅಲ್ಲಿ ಬೇರಿಂಗುಗಳಿಲ್ಲ, ತೆಳುವಾದ ವಾಷರು ಮತ್ತು ಆಯಿಲಿನ ಪದರವಷ್ಟೇ ಇರುತ್ತದೆ. ಆ ಪದರ ಕ್ಷಣಮಾತ್ರದಲ್ಲಿ ಸಿಡಿದುಹೋಗಿ, ಗೇರು ಅಡ್ಡಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಅದೇ ಸಮಯದಲ್ಲಿ ಚಕ್ರಕ್ಕೆ ಹಠಾತ್ತನೆ ಕಲ್ಲೋ ಗಟ್ಟಿ ನೆಲವೋ ಸಿಕ್ಕರೆ, ತಿರುಗುತ್ತಿದ್ದ ಚಕ್ರ, ಶಾಫ್ಟು ಹಾಗೂ ಎಂಜಿನ್ನಿನ ವೇಗವೆಲ್ಲವೂ ಒಂದೇ ಏಟಾಗಿ ಹಲ್ಲಿನ ಮೇಲೆ ಬೀಳುತ್ತದೆ. ಆಕ್ಸಲ್ ಶಾಫ್ಟ್ ತಿರುಚಿಕೊಂಡು ತುಂಡಾಗುವುದೂ ಹೀಗೆಯೇ. ಗಾಡಿ ಹೂತಾಗ ಸರಕಿನ ಭಾರ ಇಳಿಸಿ, ಚಕ್ರದ ಮುಂದೆ ಕಲ್ಲು ಅಥವಾ ಸೊಪ್ಪು ಹಾಸಿ, ನಿಧಾನವಾಗಿ ಎತ್ತುವುದು ಕ್ಷೇಮ. ಡಿಫರೆನ್ಷಿಯಲ್ ಲಾಕ್ ಇರುವ ಟಿಪ್ಪರುಗಳಲ್ಲಿ ಅದನ್ನು ಚಕ್ರಗಳು ನಿಂತಿರುವಾಗಲೇ ಹಾಕಬೇಕು, ಗಟ್ಟಿ ನೆಲಕ್ಕೆ ಬಂದ ಕೂಡಲೇ ತೆಗೆಯಬೇಕು. ಲಾಕ್ ಹಾಕಿಕೊಂಡೇ ಡಾಂಬರು ರಸ್ತೆಯಲ್ಲಿ ತಿರುವು ತೆಗೆದುಕೊಂಡರೆ ಟಯರು ಎಳೆದಾಡುವುದಲ್ಲದೆ ಶಾಫ್ಟುಗಳಿಗೂ ಏಟು ಬೀಳುತ್ತದೆ.

ಏರಿನಲ್ಲಿ ಭಾರ ತುಂಬಿದ ಗಾಡಿಯನ್ನು ಹೊರಡಿಸುವಾಗ ಕ್ಲಚ್ಚನ್ನು ಒಮ್ಮೆಲೇ ಬಿಡುವುದರಿಂದಲೂ ಇಂತಹ ಏಟು ಬೀಳುತ್ತದೆ. ಇನ್ನೊಂದು ಕಾರಣ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ: ಎಡಬದಿಗೆ ಸವೆದ ಟಯರು, ಬಲಬದಿಗೆ ಹೊಸ ಟಯರು ಹಾಕಿದರೆ ಎರಡರ ಸುತ್ತಳತೆ ಬೇರೆಯಾಗಿ, ನೇರ ರಸ್ತೆಯಲ್ಲಿಯೂ ಸ್ಟಾರ್ ಗೇರುಗಳು ಬಿಡುವಿಲ್ಲದೆ ಹೊರಳುತ್ತಿರುತ್ತವೆ.

ಸದ್ದಿನಿಂದ ದೋಷ ಗುರುತಿಸುವುದು

ಅನುಭವಿ ಚಾಲಕರು ಒಳಗಿನ ದೋಷವನ್ನು ಕಿವಿಯಿಂದಲೇ ಗುರುತಿಸಬಲ್ಲರು. ಎಂಜಿನ್ ಎಳೆಯುವಾಗ ಮಾತ್ರ ಗುಂಯ್‌ಗುಡುವ ಸದ್ದು ಬಂದು ಆಕ್ಸಿಲರೇಟರ್ ಬಿಟ್ಟಾಗ ನಿಂತರೆ, ಅಥವಾ ಇದಕ್ಕೆ ವಿರುದ್ಧವಾಗಿ ಇಳಿಜಾರಿನಲ್ಲಿ ಮಾತ್ರ ಬಂದರೆ, ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ಸವೆತ ಅಥವಾ ಜೋಡಣೆಯ ದೋಷವನ್ನು ಸಂಶಯಿಸಬೇಕು. ಎಳೆಯುವಾಗ ಹಲ್ಲಿನ ಒಂದು ಬದಿಯೂ, ಇಳಿಯುವಾಗ ಇನ್ನೊಂದು ಬದಿಯೂ ಹೊರೆ ಹೊರುವುದೇ ಈ ವ್ಯತ್ಯಾಸಕ್ಕೆ ಕಾರಣ. ಎಳೆತ ಇರಲಿ ಬಿಡಲಿ, ವೇಗಕ್ಕೆ ತಕ್ಕಂತೆ ಏರುವ ಗರಗರ ಸದ್ದು ಬೇರಿಂಗಿನದು. ನೇರದಲ್ಲಿ ಸುಮ್ಮನಿದ್ದು ತಿರುವಿನಲ್ಲಿ ಮಾತ್ರ ಸದ್ದು ಬಂದರೆ ಸ್ಟಾರ್ ಗೇರು, ಸೈಡ್ ಗೇರು ಅಥವಾ ಅವುಗಳ ವಾಷರು ಸವೆದಿರುತ್ತದೆ. ತಾಳ ಹಾಕಿದಂತೆ ಒಂದೇ ಅಂತರದಲ್ಲಿ ಕಟ್ ಕಟ್ ಎಂದು ಹೊಡೆದರೆ ಹಲ್ಲು ಮುರಿದಿರುವ ಸಾಧ್ಯತೆ ಇದೆ. ಆಗ ವಾಹನವನ್ನು ಮುಂದಕ್ಕೆ ಓಡಿಸಲೇ ಕೂಡದು. ಗೇರು ಹಾಕಿ ಹೊರಡುವಾಗ ಒಮ್ಮೆ ಠಣ್ ಎಂದು ಬಡಿಯುವುದು ಮಾತ್ರ ಗೊಂದಲಕ್ಕೆ ಎಡೆಮಾಡುವ ಸದ್ದು. ಅದು ಡಿಫರೆನ್ಷಿಯಲ್‌ನ ಸಡಿಲಿನಿಂದಲೂ ಬರಬಹುದು, ಪ್ರೊಪೆಲ್ಲರ್ ಶಾಫ್ಟಿನ ಯೂನಿವರ್ಸಲ್ ಜಾಯಿಂಟಿನಿಂದಲೂ ಬರಬಹುದು. ಹೌಸಿಂಗನ್ನು ಬಿಚ್ಚುವ ಮೊದಲು ಜಾಯಿಂಟನ್ನು ಕೈಯಿಂದ ಅಲುಗಾಡಿಸಿ ನೋಡಿದರೆ ಅನಗತ್ಯ ಖರ್ಚು ತಪ್ಪುತ್ತದೆ.

ದುರಸ್ತಿಯಲ್ಲಿ ಗಮನಿಸಬೇಕಾದ ಅಂಶಗಳು

ಕ್ರೌನ್ ವೀಲ್ ಮತ್ತು ಪಿನಿಯನ್‌ಗಳನ್ನು ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಜೋಡಿಯಾಗಿ ಸಿದ್ಧಪಡಿಸಿ, ಎರಡರ ಮೇಲೂ ಒಂದೇ ಸಂಖ್ಯೆಯನ್ನು ಕೊರೆದಿರುತ್ತಾರೆ. ಒಂದು ಹಾಳಾದರೆ ಎರಡನ್ನೂ ಬದಲಿಸತಕ್ಕದ್ದು. ಗುಜರಿಯಿಂದ ಒಂಟಿ ಪಿನಿಯನ್ ತಂದು ಹಳೆಯ ಕ್ರೌನ್‌ಗೆ ಹಾಕಿದರೆ ಸದ್ದೂ ನಿಲ್ಲುವುದಿಲ್ಲ, ಹಲ್ಲೂ ಉಳಿಯುವುದಿಲ್ಲ. ಬೇರೆ ಹಲ್ಲಿನ ಲೆಕ್ಕದ ಜೋಡಿಯನ್ನು ಹಾಕುವುದಂತೂ ವೇಗಮಾಪಕ ಮತ್ತು ವೇಗ ನಿಯಂತ್ರಕಗಳ ಲೆಕ್ಕವನ್ನೇ ತಪ್ಪಿಸಬಹುದು; ಪರೀಕ್ಷೆಯ ಸಮಯದಲ್ಲಿ ಇದು ಆಕ್ಷೇಪಣೆಗೆ ಕಾರಣವಾಗುತ್ತದೆ.

ಹೊಸ ಜೋಡಿಯೂ ಕೂರಿಸುವ ಕ್ರಮ ತಪ್ಪಿದರೆ ಬಾಳುವುದಿಲ್ಲ. ಪಿನಿಯನ್‌ನ ಆಳವನ್ನು ಶಿಮ್ಮುಗಳಿಂದ ಸರಿಪಡಿಸುವುದು, ಬೇರಿಂಗುಗಳಿಗೆ ನಿಗದಿತ ಬಿಗಿ ಕೊಡುವುದು, ಮೆಕ್ಯಾನಿಕರು ಪ್ಲೇ ಎನ್ನುವ ಹಲ್ಲುಗಳ ನಡುವಿನ ಬಿಡುವನ್ನು ಡಯಲ್ ಗೇಜಿನಿಂದ ಅಳೆಯುವುದು, ಹಲ್ಲುಗಳಿಗೆ ಬಣ್ಣ ಸವರಿ ತಿರುಗಿಸಿ ಒತ್ತು ಹಲ್ಲಿನ ನಡುಭಾಗದಲ್ಲಿ ಬೀಳುತ್ತಿದೆಯೇ ಎಂದು ನೋಡುವುದು, ಇವು ಬಿಡಬಾರದ ಹಂತಗಳು. ಈ ಬಿಡುವು ಒಂದು ಮಿಲಿಮೀಟರಿನ ಹತ್ತನೇ ಕೆಲವು ಭಾಗಗಳಷ್ಟೇ ಆಗಿದ್ದು, ಕೈಯಲ್ಲಿ ಅಲುಗಾಡಿಸಿ "ಸರಿಯಾಗಿದೆ" ಎನ್ನುವಂತಹುದಲ್ಲ. ಗೇಜು ಇಲ್ಲದ ಗ್ಯಾರೇಜಿನಲ್ಲಿ ಈ ಕೆಲಸ ಮಾಡಿಸುವುದು ಸೂಕ್ತವಲ್ಲ.

ಸ್ಟಾರ್ ಗೇರುಗಳು ಸವೆದಾಗ ಅವುಗಳನ್ನು ವೆಲ್ಡ್ ಮಾಡಿ ಕೂಡಿಸಿಬಿಡುವುದು, ಬಿರುಕುಬಿಟ್ಟ ಹೌಸಿಂಗಿಗೆ ವೆಲ್ಡಿಂಗ್ ಹಾಕಿ ಓಡಿಸುವುದು ಕೆಲವೆಡೆ ರೂಢಿಯಲ್ಲಿದೆ. ಮೊದಲನೆಯದರಿಂದ ತಿರುವಿನಲ್ಲಿ ಚಕ್ರಗಳು ಒಂದನ್ನೊಂದು ಎಳೆದಾಡಿ ಶಾಫ್ಟ್ ತುಂಡಾಗುತ್ತದೆ. ಎರಡನೆಯದರಿಂದ ಬಿಸಿಗೆ ಹೌಸಿಂಗು ಬಾಗಿ ಗೇರುಗಳ ಜೋಡಣೆಯೇ ತಪ್ಪುತ್ತದೆ. ಇವೆರಡೂ ದುರಸ್ತಿ ಎನಿಸಿಕೊಳ್ಳುವುದಿಲ್ಲ.

ಪರೀಕ್ಷೆಯಲ್ಲಿ ಹೊರಗೆ ಕಾಣುವ ದೋಷಗಳು

ಹೌಸಿಂಗನ್ನು ಬಿಚ್ಚದಿದ್ದರೂ ಅದರ ದೋಷ ಬ್ರೇಕಿನ ಪರೀಕ್ಷೆಯಲ್ಲಿ ಹೊರಬೀಳುವುದುಂಟು. ಡಿಫರೆನ್ಷಿಯಲ್‌ನ ಆಯಿಲ್ ಆಕ್ಸಲ್ ಟ್ಯೂಬಿನುದ್ದಕ್ಕೂ ಹರಿದು, ಹಬ್ಬಿನ ಸೀಲು ಸವೆದಿದ್ದರೆ ಬ್ರೇಕ್ ಡ್ರಮ್ಮಿಗೆ ಇಳಿಯುತ್ತದೆ. ಆಯಿಲ್ ಕುಡಿದ ಲೈನರು ಹಿಡಿಯುವುದಿಲ್ಲ. ಒಂದು ಬದಿ ಮಾತ್ರ ಹೀಗಾದರೆ ಬ್ರೇಕ್ ಹಾಕಿದಾಗ ವಾಹನ ಇನ್ನೊಂದು ಬದಿಗೆ ಎಳೆಯುತ್ತದೆ. ಹಿಂದಿನ ಚಕ್ರದ ಒಳಮುಖದಲ್ಲಿ, ಟಯರಿನ ಪಕ್ಕೆಯಲ್ಲಿ ಧೂಳು ಹಿಡಿದ ಕಪ್ಪು ಜಿಡ್ಡು ಕಂಡರೆ ಇದೇ ಗುರುತು. ಪರೀಕ್ಷೆಗೆ ಬರುವ ಹಿಂದಿನ ದಿನ ಹೌಸಿಂಗನ್ನು ಡೀಸೆಲ್‌ನಿಂದ ತೊಳೆದು ಸೋರಿಕೆಯನ್ನು ಮರೆಮಾಚುವುದರಿಂದ ಯಾರಿಗೂ ಲಾಭವಿಲ್ಲ. ಲೈನರಿಗೆ ಇಳಿದ ಆಯಿಲ್ ತೊಳೆದರೆ ಹೋಗುವಂತಹುದಲ್ಲ. ಲೈನರನ್ನು ಬದಲಿಸಿ, ಸೀಲನ್ನು ಹೊಸದಾಗಿ ಹಾಕಿ, ಬ್ರೀದರನ್ನು ಶುಚಿಗೊಳಿಸಿ ಬರುವುದು ಸರಿಯಾದ ಕ್ರಮ.

ಅರ್ಹತಾ ಪತ್ರವನ್ನು ನಿರಾಕರಿಸಿದಲ್ಲಿ ಅದರ ಕಾರಣಗಳನ್ನು ಲಿಖಿತವಾಗಿ ಪಡೆಯುವುದು 56ನೇ ಕಲಮಿನಂತೆ ಮಾಲೀಕರ ಹಕ್ಕು. ಅದೇ ಕಲಮಿನಂತೆ, ವಾಹನವು ಅಧಿನಿಯಮದ ಅಗತ್ಯಗಳಿಗೆ ಅನುಗುಣವಾಗಿ ಉಳಿದಿಲ್ಲವೆಂದು ಮನವರಿಕೆಯಾದಲ್ಲಿ, ಈಗಾಗಲೇ ಕೊಟ್ಟ ಅರ್ಹತಾ ಪತ್ರವನ್ನು ಕಾರಣ ದಾಖಲಿಸಿ ರದ್ದುಗೊಳಿಸುವ ಅಧಿಕಾರವೂ ಪ್ರಾಧಿಕಾರಕ್ಕೆ ಇದೆ.

ಇದಲ್ಲದೆ 190ನೇ ಕಲಮು ಮಾಲೀಕರು ಚೆನ್ನಾಗಿ ತಿಳಿದಿರಬೇಕಾದದ್ದು. ಅಪಾಯಕ್ಕೆ ಕಾರಣವಾಗುವ ದೋಷವುಳ್ಳ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವವರಷ್ಟೇ ಅಲ್ಲ, ಓಡಿಸಲು ಬಿಟ್ಟವರೂ ಅದರ ವ್ಯಾಪ್ತಿಗೆ ಬರುತ್ತಾರೆ. ದೋಷ ತಿಳಿದಿದ್ದರೆ ಮಾತ್ರವಲ್ಲ, ಸಾಧಾರಣ ಎಚ್ಚರಿಕೆಯಿಂದ ತಿಳಿಯಬಹುದಾಗಿದ್ದರೂ ಸಾಕು. ತಿಂಗಳುಗಟ್ಟಲೆ ಸೋರಿದ ಆಯಿಲ್, ವಾರಗಟ್ಟಲೆ ಕೇಳಿಸಿದ ಸದ್ದು "ಗೊತ್ತಿರಲಿಲ್ಲ" ಎಂಬ ಸಮಜಾಯಿಷಿಗೆ ಎಡೆಕೊಡುವುದು ಕಷ್ಟ. ಅಂತಹ ದೋಷದಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದಲ್ಲಿ ಸೆರೆವಾಸದ ಶಿಕ್ಷೆಗೂ ಅವಕಾಶವಿದೆ.

ರಸ್ತೆಯಲ್ಲಿ ಡಿಫರೆನ್ಷಿಯಲ್ ಕೆಟ್ಟಾಗ

ಹೊಡೆತದ ಸದ್ದು ಬಂದ ಕೂಡಲೇ ವಾಹನವನ್ನು ಎಡ ಅಂಚಿಗೆ ತಂದು ನಿಲ್ಲಿಸಿ, ಎಚ್ಚರಿಕೆಯ ದೀಪ ಹಾಕಿ, ಪ್ರತಿಫಲಕ ತ್ರಿಕೋನವನ್ನು ಹಿಂದೆ ದೂರದಲ್ಲಿ ಇಡಬೇಕು. ಇಳಿಜಾರಿನಲ್ಲಿ ಗೇರನ್ನು ನಂಬದೆ ಮೊದಲು ಚಕ್ರಗಳಿಗೆ ದಪ್ಪ ಮರದ ತುಂಡು ಅಥವಾ ಕಲ್ಲು ಕೊಡತಕ್ಕದ್ದು. ಅಲ್ಲಿಂದ ಹೊರಡುವಾಗ ಆ ಕಲ್ಲುಗಳನ್ನು ರಸ್ತೆಯಲ್ಲೇ ಬಿಟ್ಟುಹೋಗಕೂಡದು. ರಾತ್ರಿ ದ್ವಿಚಕ್ರ ವಾಹನ ಸವಾರರಿಗೆ ಅವು ಪ್ರಾಣಾಂತಕ.

ಭಾರಿ ಲಾರಿಗಳಲ್ಲಿ ವಾಹನದ ತೂಕವನ್ನು ಹೌಸಿಂಗು ಮತ್ತು ಹಬ್ ಬೇರಿಂಗುಗಳು ಹೊರುತ್ತವೆ. ಆಕ್ಸಲ್ ಶಾಫ್ಟ್ ತಿರುಗಿಸುವ ಕೆಲಸವನ್ನಷ್ಟೇ ಮಾಡುತ್ತದೆ. ಆದ್ದರಿಂದ ಚಕ್ರ ಬಿಚ್ಚದೆಯೇ ಎರಡೂ ಶಾಫ್ಟುಗಳನ್ನು ಹೊರಗೆಳೆದು ವಾಹನವನ್ನು ಎಳೆಸಿಕೊಂಡು ಹೋಗಬಹುದು. ಡಿಫರೆನ್ಷಿಯಲ್ ಚೆನ್ನಾಗಿದ್ದು ಬೇರೆ ಕಾರಣಕ್ಕೆ ಎಳೆಸುವಾಗಲೂ ಶಾಫ್ಟುಗಳನ್ನೋ ಪ್ರೊಪೆಲ್ಲರ್ ಶಾಫ್ಟನ್ನೋ ಬಿಚ್ಚುವುದು ಅಗತ್ಯ. ಎಂಜಿನ್ ನಿಂತಿರುವಾಗ ಚಕ್ರಗಳು ಗೇರ್ ಬಾಕ್ಸನ್ನು ಹಿಂದಿನಿಂದ ತಿರುಗಿಸಿದರೆ ಅಲ್ಲಿ ಆಯಿಲ್ ಮೇಲಕ್ಕೆ ಏರುವುದಿಲ್ಲ. ಶಾಫ್ಟು ತೆಗೆದ ಹಬ್ಬಿನ ಬಾಯಿಯನ್ನು ತಗಡು ಅಥವಾ ರಟ್ಟಿನಿಂದ ಮುಚ್ಚಿ ಬಿಗಿದರೆ ಆಯಿಲ್ ಸೋರುವುದೂ, ಧೂಳು ಸೇರುವುದೂ ತಪ್ಪುತ್ತದೆ. ಸ್ಪ್ರಿಂಗ್ ಬ್ರೇಕ್ ಇರುವ ವಾಹನಗಳಲ್ಲಿ ಗಾಳಿಯ ಒತ್ತಡವಿಲ್ಲದಿದ್ದರೆ ಚಕ್ರಗಳು ಬಿಡುವುದಿಲ್ಲ. ಎಳೆಯುವ ವಾಹನದಿಂದ ಗಾಳಿ ಕೊಟ್ಟರೆ ಬ್ರೇಕು ಕೈಯಲ್ಲಿರುತ್ತದೆ. ಅದು ಸಾಧ್ಯವಾಗದೆ ತಯಾರಕರು ತಿಳಿಸಿದ ಬೋಲ್ಟಿನಿಂದ ಸ್ಪ್ರಿಂಗನ್ನು ಬಿಗಿದಿಟ್ಟ ವಾಹನಕ್ಕೆ ನಿಲುಗಡೆ ಬ್ರೇಕೇ ಇರುವುದಿಲ್ಲವಾದ್ದರಿಂದ, ಅದನ್ನು ಹಗ್ಗದಿಂದ ಎಳೆಯದೆ ಗಟ್ಟಿ ಸಲಾಕೆ ಅಥವಾ ಕ್ರೇನ್ ಮೂಲಕವೇ ಸಾಗಿಸತಕ್ಕದ್ದು.

ದುರಸ್ತಿಯ ನಂತರ ಅರ್ಜಿ ಸಲ್ಲಿಸುವವರು ನೋಂದಣಿ ಪತ್ರ, ವಿಮೆ, ತೆರಿಗೆ ಪಾವತಿ, ರಹದಾರಿ ಹಾಗೂ ವಾಯುಮಾಲಿನ್ಯ ನಿಯಂತ್ರಣ ಪ್ರಮಾಣಪತ್ರಗಳೊಂದಿಗೆ, ಬದಲಿಸಿದ ಬಿಡಿಭಾಗಗಳ ರಸೀದಿಯನ್ನೂ ಜೊತೆಗಿಟ್ಟುಕೊಂಡು ಬರುವುದು ಅನುಕೂಲಕರ. ಆಯಿಲ್ ಸೋರಿಕೆ ಅಥವಾ ಬ್ರೇಕಿನ ಕಾರಣದಿಂದ ಹಿಂದಿನ ಪರೀಕ್ಷೆಯಲ್ಲಿ ನಿರಾಕರಣೆಯಾಗಿದ್ದಲ್ಲಿ ಆ ಲಿಖಿತ ಕಾರಣದ ಪ್ರತಿಯನ್ನೂ ಹಾಜರುಪಡಿಸತಕ್ಕದ್ದು.